ಬಿಡುವಿಗೆ ಕಾಯದೆ ದೇವರ ಮುಂದೆ ಕೂರುವುದು ಹೇಗೆ: ದುಡಿಯುವವರಿಗೊಂದು ಮಾರ್ಗದರ್ಶಿ

ಹಾಸನ, ಚಿಕ್ಕಮಗಳೂರು ಕಡೆಯವರಿಗೆ ದೇವಸ್ಥಾನಗಳ ಕೊರತೆಯಿಲ್ಲ. ಬೇಲೂರು, ಶ್ರವಣಬೆಳಗೊಳ, ಶೃಂಗೇರಿ, ಹೊರನಾಡು, ಕಳಸ, ಬಾಳೆಹೊನ್ನೂರು ಎಲ್ಲವೂ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ಮುಟ್ಟಬಹುದಾದ ಕ್ಷೇತ್ರಗಳು. ಮನೆಮನೆಯಲ್ಲೂ ದೇವರ ಕೋಣೆಯೋ, ಕಡೇಪಕ್ಷ ಗೋಡೆಗೆ ಹೊಡೆದ ಒಂದು ಹಲಗೆಯ ಮೇಲೆ ದೇವರ ಪಟವೋ ಇದ್ದೇ ಇರುತ್ತದೆ. ಹೀಗಿದ್ದೂ ನಮ್ಮಲ್ಲಿ ಬಹುಮಂದಿಯ ಪೂಜೆ ಗಡಿಯಾರ ನೋಡಿಕೊಂಡೇ ನಡೆಯುತ್ತದೆ. ಕೈ ಗಂಟೆ ಆಡಿಸುತ್ತಿರುವಾಗ ಮನಸ್ಸು ಸ್ಕೂಲ್ ವ್ಯಾನು, ಸೊಸೈಟಿ ಸಾಲದ ಕಂತು, ಕಣದಲ್ಲಿ ಹರಡಿದ ಕಾಫಿ, ಸಂಜೆ ಬರುವ ನೆಂಟರು ಎಂದು ಸುತ್ತುತ್ತಿರುತ್ತದೆ. ಮಂಗಳಾರತಿ ಮುಗಿದಾಗ ದೇವರ ಮುಖ ನೋಡಿದೆವೇ ಇಲ್ಲವೇ ಎಂಬುದೇ ನೆನಪಿರುವುದಿಲ್ಲ.

ಈ ಬರಹ ಅಂಥವರಿಗಾಗಿ. ದೇವರನ್ನು ಯಾವ ಹೆಸರಿನಿಂದ ಕರೆಯಬೇಕು, ಎಲ್ಲಿ ಕೈಮುಗಿಯಬೇಕು ಎಂಬುದು ಅವರವರ ಮನೆತನಕ್ಕೂ ಮನಸ್ಸಿಗೂ ಬಿಟ್ಟದ್ದು. ಅದರೊಳಗೆ ನಾನು ಕೈಹಾಕುವುದಿಲ್ಲ. ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟೇ: ನೆಮ್ಮದಿಗಾಗಿ ಬಿಡುವನ್ನು ಕಾಯುತ್ತಾ ಕೂತರೆ ಬಿಡುವೂ ಬರುವುದಿಲ್ಲ, ನೆಮ್ಮದಿಯೂ ಬರುವುದಿಲ್ಲ. ದೇವರ ಮೇಲಿನ ಭರವಸೆಯೂ ತಾನಾಗಿ ಹುಟ್ಟುವ ಒಂದು ಭಾವವಲ್ಲ; ನನ್ನ ಪಾಲಿನ ಕೆಲಸ ಯಾವುದು, ನನ್ನ ಕೈಯಲ್ಲಿ ಇಲ್ಲದ್ದು ಯಾವುದು ಎಂದು ದಿನದಿನವೂ ವಿಂಗಡಿಸಿ, ಎರಡನೆಯದನ್ನು ಬಾಯಿಬಿಟ್ಟು ಹೇಳಿ ಒಪ್ಪಿಸುವವರಲ್ಲಿ ಅದು ನಿಧಾನವಾಗಿ ಗಟ್ಟಿಯಾಗುತ್ತದೆ.

ನಮ್ಮ ಸುತ್ತಲಿನ ಯಾವ ಧರ್ಮವೂ ಬಿಡುವಾದಾಗ ದೇವರನ್ನು ನೆನೆಯಿರಿ ಎಂದು ಹೇಳಿಲ್ಲ. ಸಂಧ್ಯಾವಂದನೆಗೆ ಬೆಳಗು, ಮಧ್ಯಾಹ್ನ, ಸಂಜೆ ಎಂದು 3 ಹೊತ್ತು ಗೊತ್ತಾಗಿದೆ. ಇಷ್ಟಲಿಂಗ ಪೂಜೆ ಮುಗಿಯುವವರೆಗೆ ತಿಂಡಿ ಮುಟ್ಟದ ಹಿರಿಯರು ಈಗಲೂ ಎಷ್ಟೋ ಮನೆಗಳಲ್ಲಿದ್ದಾರೆ. ನಮಾಜಿಗೆ ದಿನಕ್ಕೆ 5 ಹೊತ್ತು. ಜೈನರ ಸಾಮಾಯಿಕ ಎಂಬ ಧ್ಯಾನ ಒಂದು ಮುಹೂರ್ತದ್ದು, ಅಂದರೆ 48 ನಿಮಿಷದ್ದು. ಕ್ರೈಸ್ತರಿಗೆ ಭಾನುವಾರದ ಆರಾಧನೆಯ ಜೊತೆಗೆ ಮನೆಮಂದಿಯೆಲ್ಲ ಸೇರಿ ಸಂಜೆ ಜಪಮಾಲೆ ಪ್ರಾರ್ಥನೆ ಮಾಡುವ ವಾಡಿಕೆಯಿದೆ. ಇದನ್ನೆಲ್ಲ ಪಾಲಿಸಿಕೊಂಡು ಬಂದವರು ಕೆಲಸವಿಲ್ಲದೆ ಕೂತವರಲ್ಲ. ಉತ್ತವರು, ನೇಯ್ದವರು, ಅಂಗಡಿ ನಡೆಸಿದವರು, ಹತ್ತಾರು ಮಂದಿಗೆ ಅಡುಗೆ ಬೇಯಿಸಿದವರು. ದುಡಿಮೆಯ ನಡುವೆಯೇ ಅವರು ಒಂದು ಹೊತ್ತನ್ನು ದೇವರಿಗೆಂದು ತೆಗೆದಿಟ್ಟರು.

ಮೊದಲ ಹೆಜ್ಜೆ: ಹೊತ್ತನ್ನು ಗೊತ್ತುಮಾಡುವುದು

ಆರಂಭದಲ್ಲಿ 10 ನಿಮಿಷ ಸಾಕು. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು, ಒಂದು ಗಂಟೆ ಧ್ಯಾನ ಮಾಡಬೇಕು ಎಂಬ ದೊಡ್ಡ ಸಂಕಲ್ಪ ಮಾಡಿದವರು ಸಾಮಾನ್ಯವಾಗಿ ಎರಡನೆಯ ವಾರಕ್ಕೇ ಕೈಬಿಡುತ್ತಾರೆ, ಆಮೇಲೆ ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಅದಕ್ಕಿಂತ, ಈಗಾಗಲೇ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಈ 10 ನಿಮಿಷವನ್ನು ಹೊಂದಿಸಿಕೊಳ್ಳುವುದು ಮೇಲು. ಹಾಲು ಕರೆದು ತಂದ ಮೇಲೆ, ಬಾಗಿಲಿಗೆ ರಂಗೋಲಿ ಹಾಕಿ ಒಳಗೆ ಬಂದ ಮೇಲೆ, ಮಕ್ಕಳನ್ನು ವ್ಯಾನು ಹತ್ತಿಸಿದ ಮೇಲೆ, ತೋಟದ ಆಳುಗಳಿಗೆ ಕೆಲಸ ಹಂಚಿ ಮುಗಿದ ಮೇಲೆ, ಹೀಗೆ ನಿಮ್ಮ ಮನೆಯ ದಿನಚರಿಯಲ್ಲಿ ಎಲ್ಲಿ ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುತ್ತದೋ ಅಲ್ಲಿ ಜಾಗ ಮಾಡಿಕೊಳ್ಳಿ. ಆಲೂರಿನಿಂದಲೋ ಅರಕಲಗೂಡಿನಿಂದಲೋ ದಿನಾ ಹಾಸನಕ್ಕೆ ಬಸ್ಸು ಹಿಡಿಯುವವರಿಗೆ ಬೆಳಗಿನ ಹೊತ್ತು ಆಗಿಬರುವುದಿಲ್ಲ. ಅವರು ಸಂಜೆ ದೀಪ ಹಚ್ಚುವ ಹೊತ್ತನ್ನು ಆರಿಸಿಕೊಂಡರೆ ಯಾವ ದೋಷವೂ ಇಲ್ಲ.

ಒಂದು ನಿಯಮವನ್ನು ಮಾತ್ರ ಸಡಿಲಿಸಬೇಡಿ. ಆ ಹೊತ್ತು ಬೆಳಗಿನದಾಗಿದ್ದರೆ ಮೊಬೈಲು ಮುಟ್ಟುವುದಕ್ಕೆ ಮುಂಚೆ ಅದು ಮುಗಿಯಬೇಕು. ಒಮ್ಮೆ ವಾಟ್ಸಾಪ್ ತೆರೆದರೆ ಊರಿನ ಸಾವು, ನೆಂಟರ ಮದುವೆ, ಕಾಫಿ ದರ, ಆಫೀಸಿನ ಆದೇಶ ಎಲ್ಲವೂ ಒಟ್ಟಿಗೇ ಮನಸ್ಸಿನೊಳಗೆ ಬಂದು ಕೂರುತ್ತವೆ. ಅವನ್ನು ಹೊರಗೆ ಕಳಿಸುವುದರಲ್ಲೇ ನಿಮ್ಮ 10 ನಿಮಿಷ ಕಳೆದುಹೋಗುತ್ತದೆ. ಅಲಾರಾಂಗಾಗಿ ಮೊಬೈಲು ತಲೆದಿಂಬಿನ ಪಕ್ಕದಲ್ಲೇ ಇರಬೇಕು ಎನ್ನುವವರು ಒಂದು ಸಾಧಾರಣ ಅಲಾರಾಂ ಗಡಿಯಾರ ಕೊಂಡು, ಮೊಬೈಲನ್ನು ರಾತ್ರಿಯೇ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿಬಿಡಲಿ.

ಜಾಗದ ವಿಚಾರ ಇಷ್ಟು ಕಷ್ಟದ್ದಲ್ಲ. ಬಾಡಿಗೆ ಮನೆಯಲ್ಲಿ ದೇವರ ಕೋಣೆ ಇಲ್ಲದಿದ್ದರೆ ಕಿಟಕಿಯ ಬಳಿ ಒಂದು ಮಣೆ ಅಥವಾ ಚಾಪೆ ಹಾಕಿಕೊಳ್ಳಿ, ದಿನವೂ ಅದೇ ಜಾಗದಲ್ಲಿ ಕೂರಿ. ಮಂಡಿ ನೋವಿರುವವರು ಕುರ್ಚಿಯ ಮೇಲೆ ಕೂರಲಿ; ನೋವನ್ನು ತಡೆದುಕೊಂಡು ಪದ್ಮಾಸನ ಹಾಕಿದರೆ ಧ್ಯಾನವೆಲ್ಲ ಮಂಡಿಯ ಮೇಲೆಯೇ ಆಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಸಂಜೆ ಕರೆಂಟು ಹೋದಾಗ ಟಿವಿ, ಮಿಕ್ಸಿ, ಮೊಬೈಲು ಟವರು ಎಲ್ಲವೂ ಒಟ್ಟಿಗೇ ಸುಮ್ಮನಾಗುತ್ತವಲ್ಲ, ಆ ಹೊತ್ತನ್ನು ವಿದ್ಯುತ್ ಇಲಾಖೆಯನ್ನು ಬೈಯುತ್ತಾ ಕಳೆಯದೆ, ದೀಪದ ಮುಂದೆ ಮನೆಮಂದಿಯೆಲ್ಲ ಕೂತು ಕಳೆದರೆ ಅದೇ ದೊಡ್ಡ ಪಾಠವಾಗುತ್ತದೆ.

ಎರಡನೆಯ ಹೆಜ್ಜೆ: ಉಸಿರು ಮತ್ತು ನಾಮ

ಕೂತ ತಕ್ಷಣ ಮನಸ್ಸನ್ನು ಹಿಡಿಯಲು ಹೋಗಬೇಡಿ. ಮೊದಲು ಮೈ ಸುಮ್ಮನಾಗಲಿ. ಬೆನ್ನು ನೆಟ್ಟಗಿಟ್ಟು, ಹೆಗಲು ಇಳಿಬಿಟ್ಟು, ಉಸಿರನ್ನು ಒಳಗೆ ತೆಗೆದುಕೊಂಡದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹೊರಗೆ ಬಿಡಿ. ಹೀಗೆ ನಾಲ್ಕಾರು ಉಸಿರಾದ ಮೇಲೆ ನಾಮವನ್ನು ಹಿಡಿಯಿರಿ. ಗುರುಗಳಿಂದ ಉಪದೇಶವಾಗಿದ್ದರೆ ಅದೇ ಮಂತ್ರ. ಇಲ್ಲದಿದ್ದರೆ ಚಿಕ್ಕಂದಿನಿಂದ ಬಾಯಿಗೆ ಬಂದಿರುವ ಹೆಸರು: ನಮಃ ಶಿವಾಯ, ರಾಮ, ಯೇಸುವೇ, ಯಾ ಅಲ್ಲಾಹ್, ಣಮೋ ಅರಿಹಂತಾಣಂ. ಕಷ್ಟ ಬಂದಾಗ ನಿಮ್ಮ ಬಾಯಿಂದ ತಾನಾಗಿ ಹೊರಡುವ ಹೆಸರು ಯಾವುದೋ ಅದೇ ನಿಮಗೆ ಸರಿಯಾದದ್ದು. ವಾರಕ್ಕೊಂದರಂತೆ ಹೆಸರು ಬದಲಿಸುವುದು ಬೇಡ.

ಒಂದು ಉಸಿರಿಗೆ ಒಂದು ನಾಮ ಎಂದಿಟ್ಟುಕೊಂಡು ನಿಧಾನವಾಗಿ ಹೇಳಿದರೆ ಒಂದು ನಾಮಕ್ಕೆ ಹೆಚ್ಚುಕಡಿಮೆ 10 ಸೆಕೆಂಡು ಹಿಡಿಯುತ್ತದೆ. ಆ ಲೆಕ್ಕದಲ್ಲಿ 27 ಮಣಿಗಳಿಗೆ ನಾಲ್ಕೂವರೆ ನಿಮಿಷ, 54ಕ್ಕೆ 9 ನಿಮಿಷ, ಪೂರ್ತಿ 108ಕ್ಕೆ 18 ನಿಮಿಷ. ಆರಂಭಿಸುವವರು 27ರಿಂದ ಶುರುಮಾಡಿ, ಅದು ಅಭ್ಯಾಸವಾದ ಮೇಲೆ 54ಕ್ಕೆ ಹೋಗಬಹುದು. ನಿಮಿಷಕ್ಕೆ 6 ಉಸಿರಿನ ಈ ಗತಿ ಮೈಗೆ ಹಿತವಾದದ್ದು. ಇಟಲಿಯ ಸಂಶೋಧಕರ ಒಂದು ತಂಡ 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲ್ಯಾಟಿನ್ ಭಾಷೆಯ ಜಪಮಾಲೆ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ ಹೇಳಿಸಿ ನೋಡಿದಾಗ, ಎರಡರಲ್ಲೂ ಉಸಿರಾಟ ತಾನಾಗಿ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು; ಹೃದಯದ ಬಡಿತವೂ ರಕ್ತದ ಒತ್ತಡವೂ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡವು. ನಮ್ಮ ಅಜ್ಜಿಯಂದಿರಿಗೆ ಇದನ್ನು ಹೇಳಿದರೆ ಆಶ್ಚರ್ಯಪಡುತ್ತಿರಲಿಲ್ಲ. ಆದರೂ ಒಂದು ಮಾತು ಸ್ಪಷ್ಟವಾಗಿರಲಿ: ಜಪ ಮಾಡುವುದು ರಕ್ತದ ಒತ್ತಡ ಇಳಿಯಲಿ ಎಂದಲ್ಲ. ಮೈಗೆ ಆಗುವ ಒಳಿತು ಜೊತೆಯಲ್ಲಿ ಬರುವುದು. ನೀವು ಕೂತಿರುವುದು ದೇವರ ಸನ್ನಿಧಿಗಾಗಿ.

ಮೊದಮೊದಲು ಪಕ್ಕದಲ್ಲಿ ಕೂತವರಿಗೆ ಕೇಳುವಷ್ಟು ದನಿಯಲ್ಲಿ ಹೇಳಿ, ಆಮೇಲೆ ತುಟಿ ಮಾತ್ರ ಅಲುಗಲಿ, ಕೊನೆಗೆ ಮನಸ್ಸಿನಲ್ಲೇ ನಡೆಯಲಿ. ಶಾಸ್ತ್ರಗಳು ವಾಚಿಕ, ಉಪಾಂಶು, ಮಾನಸ ಎಂದು ಜಪವನ್ನು ವಿಂಗಡಿಸಿರುವುದು ಹೀಗೆಯೇ. ನಿದ್ದೆ ತೂಗಿದರೆ ಮತ್ತೆ ದನಿ ಎತ್ತಿ.

ಮನಸ್ಸು ಓಡುತ್ತದೆ, ಅದು ಸೋಲಲ್ಲ. ಭಗವದ್ಗೀತೆಯ 6ನೆಯ ಅಧ್ಯಾಯದಲ್ಲಿ ಅರ್ಜುನ ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟ ಎಂದು ದೂರುತ್ತಾನೆ. ಕೃಷ್ಣ ಆ ದೂರನ್ನು ಅಲ್ಲಗಳೆಯುವುದಿಲ್ಲ. ಹೌದು, ಕಷ್ಟವೇ, ಆದರೆ ಅಭ್ಯಾಸದಿಂದಲೂ ವೈರಾಗ್ಯದಿಂದಲೂ ಸಾಧ್ಯ ಎನ್ನುತ್ತಾನೆ. ಮನಸ್ಸು ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲಲ್ಲಿಂದ ಅದನ್ನು ತಿರುಗಿ ಕರೆತರಬೇಕೆಂದು ಅದೇ ಅಧ್ಯಾಯದಲ್ಲಿ ಅವನು ಮುಂಚೆಯೇ ಹೇಳಿದ್ದಾನೆ. ಹತ್ತು ನಿಮಿಷದಲ್ಲಿ ಇಪ್ಪತ್ತು ಸಲ ಕರೆತಂದರೆ ಇಪ್ಪತ್ತು ಸಲ ಅಭ್ಯಾಸವಾಯಿತೆಂದೇ ಲೆಕ್ಕ. ಗ್ಯಾಸ್ ಬುಕ್ ಮಾಡಬೇಕು, ಫೀಸು ಕಟ್ಟಲು ಇಂದೇ ಕೊನೆಯ ದಿನ ಎಂಬಂಥ ಸಂಗತಿ ನಡುವೆ ನೆನಪಾದರೆ, ಪಕ್ಕದಲ್ಲಿ ಒಂದು ಚೀಟಿ ಮತ್ತು ಪೆನ್ನು ಇಟ್ಟುಕೊಂಡು ಎರಡು ಪದ ಗೀಚಿ ನಾಮಕ್ಕೆ ಮರಳಿ. ಮರೆತುಹೋದೀತು ಎಂಬ ಹೆದರಿಕೆ ಇದ್ದಷ್ಟು ಹೊತ್ತು ಮನಸ್ಸು ಅದನ್ನು ಬಿಡುವುದಿಲ್ಲ.

ಮೂರನೆಯ ಹೆಜ್ಜೆ: ಭಾರ ಹಾಕುವುದು

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಜನ ಹೆಚ್ಚಾಗಿ ಬಿಟ್ಟುಬಿಡುವುದೂ ಇದನ್ನೇ. ‘ದೇವರ ಮೇಲೆ ಭಾರ ಹಾಕು’ ಎಂದು ಎಲ್ಲರೂ ಹೇಳುತ್ತಾರೆ, ಹೇಗೆ ಹಾಕಬೇಕು ಎಂದು ಯಾರೂ ತೋರಿಸಿಕೊಡುವುದಿಲ್ಲ. ಅದನ್ನು ನೀವು ರಾತ್ರಿ ಮಲಗುವ ಮುಂಚೆ, ಒಂದು ನೋಟ್‌ಬುಕ್ಕಿನ ಸಹಾಯದಿಂದ ಮಾಡಬಹುದು.

ಹಾಳೆಯ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಎಳೆಯಿರಿ. ಎಡಗಡೆ, ಈಗ ತಲೆಯಲ್ಲಿ ಕಾಡುತ್ತಿರುವ ವಿಷಯದಲ್ಲಿ ನೀವು ಮಾಡಬಹುದಾದದ್ದು. ಬಲಗಡೆ, ಅದೇ ವಿಷಯದಲ್ಲಿ ನಿಮ್ಮ ಕೈಯಲ್ಲಿ ಇಲ್ಲದ್ದು. ನಮ್ಮ ಕಡೆಯ ಕಾಫಿ ಬೆಳೆಗಾರರ ಕಥೆಯನ್ನೇ ತೆಗೆದುಕೊಳ್ಳಿ. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ರೋಬಸ್ಟಾ ಗಿಡದ ಮೊಗ್ಗು ಹೂಮಳೆಗಾಗಿ ಕಾದಿರುತ್ತದೆ. ಮಳೆಯಾಗಿ ಸುಮಾರು ಒಂದು ವಾರ, ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂ ಬಿಡುತ್ತದೆ. ಹೂ ಅರಳಿದ ದಿನವೇ ಮಳೆ ಬಿದ್ದರೆ ಪರಾಗಸ್ಪರ್ಶ ಕೆಡುತ್ತದೆ. ಅಲ್ಲಿಂದ ಎರಡು, ಮೂರು ವಾರದೊಳಗೆ ಇನ್ನೊಂದು ಮಳೆಯಾಗದಿದ್ದರೆ ಕಾಯಿ ನಿಲ್ಲುವುದು ಅನುಮಾನ. ಇಡೀ ವರ್ಷದ ಸಾಲ, ಮದುವೆ, ಮಕ್ಕಳ ಓದು ಎಲ್ಲವೂ ಈ ಕೆಲವು ವಾರಗಳ ಮೋಡದ ಮೇಲೆ ನಿಂತಿರುವಾಗ ನಿದ್ದೆ ಬಾರದಿರುವುದು ಸಹಜ. ಆ ರಾತ್ರಿ ಬೆಳೆಗಾರ ಬರೆಯಬೇಕಾದ ಹಾಳೆ ಹೀಗಿರುತ್ತದೆ. ಎಡಗಡೆ: ಸ್ಪ್ರಿಂಕ್ಲರ್ ಪೈಪಿನ ಜಾಯಿಂಟು ನೋಡಿಸಬೇಕು, ಪಂಪಿಗೆ ಡೀಸೆಲ್ ತರಬೇಕು, ಕೆರೆಯಲ್ಲಿ ನೀರು ಎಷ್ಟು ದಿನಕ್ಕಾಗುತ್ತದೆ ಎಂದು ಅಳೆಯಬೇಕು, ಪಕ್ಕದ ತೋಟದವರ ಜೊತೆ ನೀರಿನ ಸರದಿಯ ಬಗ್ಗೆ ಮಾತಾಡಬೇಕು. ಬಲಗಡೆ: ಮೋಡ ಯಾವಾಗ ಕಟ್ಟುತ್ತದೆ, ಹೂ ಅರಳಿದ ದಿನ ಮಳೆ ಬರುತ್ತದೋ ಇಲ್ಲವೋ, ಬ್ರೆಜಿಲ್ ಮತ್ತು ವಿಯೆಟ್ನಾಂನಲ್ಲಿ ಫಸಲು ಹೇಗಾಗಿ ದರ ಎಲ್ಲಿಗೆ ಹೋಗುತ್ತದೆ.

ಬರೆದು ಮುಗಿಸಿದಾಗ ಒಂದು ಸತ್ಯ ಕಣ್ಣಿಗೆ ಬೀಳುತ್ತದೆ. ಎಡಗಡೆಯದ್ದು ನಾಳೆ ಒಂದು ದಿನದಲ್ಲಿ ಮುಗಿಯುವ ಕೆಲಸ. ನಿದ್ದೆ ಕೆಡಿಸುತ್ತಿದ್ದುದು ಬಲಗಡೆಯದ್ದು. ಅಂದರೆ, ನಮ್ಮ ಆಯಾಸದಲ್ಲಿ ದೊಡ್ಡ ಪಾಲು ಕೆಲಸದಿಂದ ಬಂದದ್ದಲ್ಲ, ನಮ್ಮದಲ್ಲದ ಕೆಲಸವನ್ನು ತಲೆಯಲ್ಲಿ ಮಾಡುತ್ತಿರುವುದರಿಂದ ಬಂದದ್ದು. ಈಗ ದೇವರ ಮುಂದೆ ಹೋಗಿ, ಬಲಗಡೆಯ ಒಂದೊಂದು ಸಾಲನ್ನೂ ಹೆಸರು ಹಿಡಿದು ಓದಿ. ‘ಎಲ್ಲಾ ನೀನೇ ನೋಡಿಕೋ’ ಎಂದು ಒಟ್ಟಾರೆ ಹೇಳಿ ಎದ್ದುಬಿಟ್ಟರೆ ಮನಸ್ಸು ಒಪ್ಪುವುದಿಲ್ಲ. ಹಾಸಿಗೆಗೆ ಹೋದ ಮೇಲೆ ಅದು ಒಂದೊಂದನ್ನೂ ಹೊರತೆಗೆದು ಇದನ್ನು ಹೇಳಿದೆಯಾ, ಅದನ್ನು ಹೇಳಿದೆಯಾ ಎಂದು ಕೇಳುತ್ತದೆ.

ಯಾವ ಭಾಷೆಯಲ್ಲಿ ಹೇಳಬೇಕು ಎಂದು ಕೆಲವರು ಅಂಜುತ್ತಾರೆ. ಚಿಕ್ಕಮಗಳೂರಿಗೆ ಅಂಟಿಕೊಂಡಿರುವ ಹಿರೇಮಗಳೂರಿನ ಕೋದಂಡರಾಮ ದೇವಸ್ಥಾನದಲ್ಲಿ ಅರ್ಚನೆಯೇ ಕನ್ನಡದಲ್ಲಿ ನಡೆಯುತ್ತದೆ. ಗರ್ಭಗುಡಿಯಲ್ಲಿ ಸಲ್ಲುವ ಕನ್ನಡ ನಿಮ್ಮ ಮನೆಯ ದೇವರ ಹಲಗೆಯ ಮುಂದೆ ಸಲ್ಲದೆ ಇರುತ್ತದೆಯೇ? ಮಕ್ಕಳ ಜೊತೆ ಆಡುವ ಮಾತಿನಲ್ಲೇ ಹೇಳಿ.

ಮೂಡಿಗೆರೆ ಕಡೆಯ ಒಂದು ತೋಟದ ಮನೆಯಲ್ಲಿ, ವಯಸ್ಸಾದ ಅತ್ತೆಯೊಬ್ಬರು ಇದನ್ನು ಮಾಡುವ ರೀತಿಯನ್ನು ನಾನು ನೋಡಿದ್ದೇನೆ. ಅವರಿಗೆ ನೋಟ್‌ಬುಕ್ಕು ಬೇಕಿರಲಿಲ್ಲ. ರಾತ್ರಿ ಊಟಕ್ಕೆ ಮುಂಚೆ ದೀಪದ ಮುಂದೆ ಕೂತು, ಹಳೆಯ ಬಟ್ಟೆಯ ಚೂರಿನಿಂದ ದೀಪದ ಅಂಚಿಗೆ ಇಳಿದ ಎಣ್ಣೆಯನ್ನು ಒರೆಸುತ್ತಾ, ಹಾಸನದಲ್ಲಿ ಓದುತ್ತಿದ್ದ ಮೊಮ್ಮಗನ ಪರೀಕ್ಷೆಯಿಂದ ಹಿಡಿದು ಗಬ್ಬದ ಹಸುವಿನವರೆಗೆ ಒಂದೊಂದನ್ನೂ ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ಆ ದಿನ ಸಂಜೆಯಿಂದ ಮೊಮ್ಮಗನ ಫೋನು ಬಂದಿರಲಿಲ್ಲ. ಹೇಳುವುದೆಲ್ಲ ಮುಗಿಸಿ ‘ನನ್ನ ಕೈಲಾದ್ದು ಮಾಡಿದೀನಿ ತಾಯಿ, ಉಳಿದದ್ದು ನಿಂದು’ ಎಂದು ಕೈಮುಗಿದು ಊಟಕ್ಕೆ ಎದ್ದಾಗ ಸೊಸೆ ತಡೆಯಲಾರದೆ ಕೇಳಿದರು:

‘ಅತ್ತೆ, ನಿಮಗೆ ಚಿಂತೆ ಆಗಲ್ವಾ?’

‘ಆಗ್ದೆ ಏನು? ಆಗುತ್ತೆ ಕಣಮ್ಮ. ಆದ್ರೆ ಈಗಷ್ಟೇ ಹೇಳಿ ಬಂದಿದೀನಲ್ಲ. ತಿರುಗಿ ನಾನೇ ಹೊತ್ಕೊಂಡ್ರೆ ಹೇಳಿದ್ದಕ್ಕೆ ಏನು ಬೆಲೆ? ನೀನು ಅವನ ಸ್ನೇಹಿತನಿಗೊಂದು ಫೋನು ಮಾಡು, ನಾನು ಅಷ್ಟರಲ್ಲಿ ಬಡಿಸ್ತೀನಿ.’

ಆ ಮಾತಿನ ಎರಡೂ ಭಾಗಗಳನ್ನು ಗಮನಿಸಿ. ಚಿಂತೆಯನ್ನು ಅವರು ದೇವರಿಗೆ ಬಿಟ್ಟರು. ಸ್ನೇಹಿತನಿಗೆ ಫೋನು ಮಾಡಿಸುವ ಕೆಲಸವನ್ನು ಬಿಡಲಿಲ್ಲ. ಒಪ್ಪಿಸಿದ್ದು ರಾತ್ರಿ ಎರಡು ಗಂಟೆಗೆ ಮತ್ತೆ ಎದ್ದು ಬಂದರೆ ಅದರ ಜೊತೆ ವಾದಕ್ಕಿಳಿಯಬೇಡಿ. ‘ಇದನ್ನು ಹೇಳಿ ಆಗಿದೆ’ ಎಂದು ಮನಸ್ಸಿಗೆ ಹೇಳಿ, ಎರಡನೆಯ ಹೆಜ್ಜೆಯ ನಾಮವನ್ನೇ ಉಸಿರಿನ ಜೊತೆ ಹಿಡಿಯಿರಿ. ನಿಜವಾಗಿ ಮಾಡಬೇಕಾದ ಹೊಸ ಕೆಲಸವೇನಾದರೂ ಹೊಳೆದಿದ್ದರೆ ಎದ್ದು ಎಡಗಡೆಯ ಪಟ್ಟಿಗೆ ಸೇರಿಸಿ ಮಲಗಿ.

ತಿಂಗಳಿಗೊಮ್ಮೆ, ಅಮಾವಾಸ್ಯೆಯೋ ಹುಣ್ಣಿಮೆಯೋ ನಿಮಗೆ ಅನುಕೂಲವಾದ ದಿನ, ಹಿಂದಿನ ಹಾಳೆಗಳನ್ನು ತಿರುವಿ ಓದಿ. ಕೇಳಿದ್ದು ಎಷ್ಟು ಸಿಕ್ಕಿತು ಎಂದು ಎಣಿಸುವುದಕ್ಕಲ್ಲ. ಬಲಗಡೆ ಬರೆದ ಎಷ್ಟೋ ಸಂಗತಿಗಳು ನಿಮ್ಮ ಚಿಂತೆಯಿಲ್ಲದೆಯೇ ತೀರಿಹೋಗಿರುತ್ತವೆ. ಕೆಲವು ನೀವು ಬಯಸಿದ ಹಾಗೆ ಆಗಿರುವುದಿಲ್ಲ, ಆದರೂ ನೀವು ಅದನ್ನು ದಾಟಿ ಬಂದಿರುತ್ತೀರಿ. ಎರಡೂ ನಿಮ್ಮ ಕೈಬರಹದಲ್ಲೇ ಕಣ್ಣೆದುರಿಗಿದ್ದಾಗ ಮುಂದಿನ ತಿಂಗಳು ಒಪ್ಪಿಸುವುದು ಸ್ವಲ್ಪ ಸುಲಭವಾಗುತ್ತದೆ.

ಭರವಸೆಯ ಹೆಸರಿನಲ್ಲಿ ಮಾಡಬಾರದ್ದು

ಎಡಗಡೆಯ ಕೆಲಸವನ್ನು ಬಲಗಡೆಗೆ ಬರೆಯುವುದು ಭಕ್ತಿಯಲ್ಲ, ಸೋಮಾರಿತನ. ಎದೆನೋವು ಬಂದರೆ ಆಸ್ಪತ್ರೆಗೆ ಹೋಗುವುದು ಎಡಗಡೆಯ ಕೆಲಸ; ಗುಣವಾಗುವುದು ಬಲಗಡೆಯದ್ದು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ಓಡಾಡುತ್ತಿದೆ ಎಂದು ಅರಣ್ಯ ಇಲಾಖೆ ಎಚ್ಚರಿಕೆ ಕೊಟ್ಟಿರುವಾಗ, ದೇವರಿದ್ದಾನೆ ಎಂದು ನಸುಕಿನಲ್ಲೇ ಒಬ್ಬರೇ ತೋಟಕ್ಕೆ ಹೊರಡುವುದನ್ನು ನಂಬಿಕೆ ಎಂದು ಕರೆಯಲಾಗದು. ಹರಕೆಯ ವಿಚಾರದಲ್ಲೂ ಎಚ್ಚರವಿರಲಿ. ಕೃತಜ್ಞತೆಯಿಂದ ಹೊರುವ ಹರಕೆ ಮನಸ್ಸನ್ನು ಹಗುರ ಮಾಡುತ್ತದೆ; ಇದು ಕೊಟ್ಟರೆ ಅದು ಕೊಡುತ್ತೇನೆ ಎಂಬ ಕರಾರಿನ ಹರಕೆಗಳು ಒಂದರ ಮೇಲೊಂದು ಸೇರಿದಾಗ, ಯಾವುದನ್ನು ತೀರಿಸಿದೆ, ಯಾವುದು ಬಾಕಿ ಎಂಬುದೇ ಇನ್ನೊಂದು ಚಿಂತೆಯಾಗುತ್ತದೆ. ಒಂದೇ ಪ್ರಶ್ನೆಗೆ ನಾಲ್ಕು ಕಡೆ ಶಾಸ್ತ್ರ ಕೇಳಿಸುವವರ ಮನಸ್ಸು ಎಂದೂ ನೆಲೆ ನಿಲ್ಲುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಗಲಿನ ನಡುವೆ

ಬೆಳಗಿನ ಜಪ ಮತ್ತು ರಾತ್ರಿಯ ಒಪ್ಪಿಸುವಿಕೆಯ ನಡುವೆ ದಿನ ದೊಡ್ಡದು. ಮೂರು ಉಸಿರಿನಷ್ಟು ನಿಲ್ಲುವುದನ್ನು ಕೆಲವು ಕೆಲಸಗಳಿಗೆ ಸೇರಿಸಿಕೊಳ್ಳಿ: ಫೋನು ಎತ್ತುವ ಮುಂಚೆ, ಬೈಕಿನ ಕೀಲಿ ತಿರುಗಿಸುವ ಮುಂಚೆ, ತರಗತಿಗೆ ಕಾಲಿಡುವ ಮುಂಚೆ, ತಟ್ಟೆಯ ಮೊದಲ ತುತ್ತಿಗೆ ಮುಂಚೆ. ಹಾಸನದಿಂದ ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ಸುಮಾರು 60 ಕಿ.ಮೀ. ಬಸ್ಸಿನಲ್ಲಿ ಓಡಾಡುವವರು ಬೇಲೂರಿನವರೆಗೆ ಮೊಬೈಲು ನೋಡಿದರೂ ಅಲ್ಲಿಂದ ಮುಂದಕ್ಕಾದರೂ ಅದನ್ನು ಚೀಲದೊಳಗಿಟ್ಟು ಕಿಟಕಿಯಾಚೆ ನೋಡುತ್ತಾ ನಾಮ ಹೇಳಿಕೊಳ್ಳಬಹುದು.

ವಾರಕ್ಕೊಂದು ಗಂಟೆ, ಮನೆಯಿಂದ ಹೊರಗೆ

ಈ ವಿಷಯದಲ್ಲಿ ನಮ್ಮ ಎರಡು ಜಿಲ್ಲೆಗಳವರು ಪುಣ್ಯವಂತರು. ಆದರೆ ಶನಿವಾರ, ಭಾನುವಾರ ಮುಳ್ಳಯ್ಯನಗಿರಿಯ ದಾರಿ ಹಿಡಿಯಬೇಡಿ. 1,930 ಮೀಟರ್ ಎತ್ತರದ, ರಾಜ್ಯದ ಅತಿ ಎತ್ತರದ ಆ ಬೆಟ್ಟದಲ್ಲಿ ರಜಾದಿನ ನಿಮಗೆ ಸಿಗುವುದು ಕಾರುಗಳ ಸಾಲು. ಜನ ಕಡಿಮೆಯಿರುವ ಜಾಗ, ಜನ ಕಡಿಮೆಯಿರುವ ಹೊತ್ತು ನೋಡಿಕೊಳ್ಳಿ.

ಹಾಸನದವರಿಗೆ ನಾನು ಮೊದಲು ಹೇಳುವುದು ದೊಡ್ಡಗದ್ದವಳ್ಳಿ. ಬೇಲೂರು ರಸ್ತೆಯಿಂದ ಸ್ವಲ್ಪ ಒಳಗೆ, ಕೆರೆಯ ಪಕ್ಕದಲ್ಲಿರುವ ಲಕ್ಷ್ಮೀದೇವಿ ದೇವಸ್ಥಾನ ಅದು. 4 ಗರ್ಭಗುಡಿಗಳಿರುವ, 12ನೆಯ ಶತಮಾನದ ಆರಂಭದ ಹೊಯ್ಸಳ ಗುಡಿ. ಕಟ್ಟಿಸಿದ್ದು ರಾಜನಲ್ಲ, ಒಬ್ಬ ವರ್ತಕ ಮತ್ತು ಅವನ ಹೆಂಡತಿ. ಲಾಭನಷ್ಟದ ಲೆಕ್ಕದಲ್ಲೇ ದಿನ ಕಳೆದಿರಬೇಕಾದ ದಂಪತಿ ಕಟ್ಟಿಸಿದ ಆ ಮಂಟಪದಲ್ಲಿ ಅಂಗಡಿ ನಡೆಸುವವರು, ಲೆಕ್ಕ ಬರೆಯುವವರು ಹೋಗಿ ಕೂರಬೇಕು. ಬೇಲೂರಿನ ಚೆನ್ನಕೇಶವನ ಗುಡಿ 1117ರಿಂದ ಇಂದಿನವರೆಗೆ ಪೂಜೆ ನಡೆಯುತ್ತಿರುವ ಜಾಗ. ಪ್ರವಾಸಿಗಳ ಬಸ್ಸುಗಳು ಬರುವ ಮುಂಚೆ, ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿಗೇ ಹೋದರೆ ಒಳಗೆ ಪೂಜೆಯ ದನಿ ಮಾತ್ರ ಕೇಳುತ್ತದೆ. ಶೃಂಗೇರಿಗೆ ಹತ್ತಿರದವರಿಗೆ ತುಂಗಾ ನದಿಯ ಮೆಟ್ಟಿಲುಗಳಿಗಿಂತ ಒಳ್ಳೆಯ ಜಾಗ ಬೇರೆ ಬೇಕಿಲ್ಲ.

ಶ್ರವಣಬೆಳಗೊಳದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 10ನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯ ನಿಲ್ಲಿಸಿದ 58 ಅಡಿಯ ಗೊಮ್ಮಟನ ಮುಂದೆ ನಿಂತು ಜನ ಮುಖ ನೋಡಿ, ಎತ್ತರ ನೋಡಿ ಇಳಿದುಬಿಡುತ್ತಾರೆ. ತೋಳು ತೊಡೆಗಳನ್ನು ಸುತ್ತಿ ಹಬ್ಬಿದ ಬಳ್ಳಿಯನ್ನೂ ಕಾಲಿನ ಪಕ್ಕದ ಹುತ್ತವನ್ನೂ ನಿಧಾನವಾಗಿ ನೋಡಿ. ಕಾಯೋತ್ಸರ್ಗದಲ್ಲಿ, ಅಂದರೆ ಮೈಯ ಹಂಗು ತೊರೆದು ಅಲುಗದೆ ಮಾಡುವ ಧ್ಯಾನದಲ್ಲಿ, ನಿಂತವನ ಮೈಮೇಲೆ ಬಳ್ಳಿ ಬೆಳೆಯುವಷ್ಟು ಕಾಲ ಹೋಗಿದೆ. ಅಣ್ಣನನ್ನು ಸೋಲಿಸಿ ಗೆದ್ದ ರಾಜ್ಯವನ್ನು ಬಿಟ್ಟುಬಂದವನು ಅವನು. ಇನ್ನೂ ಎರಡು ನಿಮಿಷ ಕೂರಲಾರೆ ಎನ್ನಿಸಿದ ದಿನ ನನಗೆ ನೆನಪಾಗುವುದು ಆ ಬಳ್ಳಿ. ಬೆಟ್ಟದ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತಬೇಕಾದ್ದರಿಂದ ಬಂಡೆ ಕಾಯುವ ಮುಂಚೆ, ಬೆಳಿಗ್ಗೆಯೇ ಹೋಗಿ.

ಎಲ್ಲಿಗೆ ಹೋದರೂ ಆ ಒಂದು ಗಂಟೆಯಲ್ಲಿ ಫೋಟೋ ತೆಗೆಯಬೇಡಿ. ಒಂದು ಪ್ರದಕ್ಷಿಣೆಯನ್ನು ನಿಧಾನವಾಗಿ ಹಾಕಿ, ಒಂದು ಕಂಬದ ಬುಡದಲ್ಲಿ ಕೂತು, ಏನನ್ನೂ ಬೇಡದೆ ಎದ್ದು ಬನ್ನಿ. ಬೇಡಿಕೆಯ ಪಟ್ಟಿಗೆ ರಾತ್ರಿಯ ಹೊತ್ತಿದೆ.

ವರ್ಷಕ್ಕೊಮ್ಮೆ ಬರುವ ಹಾಸನಾಂಬೆಯ ದರ್ಶನಕ್ಕೆ ಈ ಮಾತು ಹೊಂದುವುದಿಲ್ಲ, ಅಲ್ಲಿ ಜನಸಾಗರವೇ ಇರುತ್ತದೆ. ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ತೆರೆಯುವ ಬಾಗಿಲು ಬಲಿಪಾಡ್ಯಮಿ ಕಳೆದು ಮುಚ್ಚುತ್ತದೆ. ಮುಚ್ಚುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷ ತೆರೆಯುವವರೆಗೂ ಉರಿಯುತ್ತಿರುತ್ತದೆಂಬುದು ಭಕ್ತರ ನಂಬಿಕೆ. ಗಂಟೆಗಟ್ಟಲೆ ಸಾಲಿನಲ್ಲಿ ನಿಂತು, ದೇವಿಯ ಮುಂದೆ ಸಿಗುವುದು ಕೆಲವೇ ಕ್ಷಣ. ಸಾಲಿನ ಹೊತ್ತನ್ನೇ ಜಪದ ಹೊತ್ತು ಮಾಡಿಕೊಳ್ಳಿ, ಹೇಳಬೇಕಾದ್ದನ್ನೆಲ್ಲ ಸಾಲಿನಲ್ಲೇ ಹೇಳಿ ಮುಗಿಸಿ; ಆಗ ಎದುರಿಗೆ ನಿಂತ ಆ ಕ್ಷಣದಲ್ಲಿ ಸುಮ್ಮನೆ ಕಣ್ಣುತುಂಬ ನೋಡಲು ಸಾಧ್ಯವಾಗುತ್ತದೆ.

ನಂಬಿಕೆ ಬಾರದ ದಿನಗಳಲ್ಲಿ

ಸಾವಾದ ಮನೆಯಲ್ಲಿ, ಬೆಳೆ ಹೋದ ವರ್ಷ, ಕೈಕೊಟ್ಟ ಸಂಬಂಧದ ನಂತರ, ದೇವರ ಮುಂದೆ ಕೂರುವುದಕ್ಕೇ ಕೋಪ ಬರುತ್ತದೆ. ಆಗ ಆ ಕೋಪವನ್ನೇ ಹೇಳಿ. ದಾಸರ ಪರಂಪರೆಯಲ್ಲಿ ನಿಂದಾಸ್ತುತಿ ಎಂಬ ಬಗೆಯೇ ಇದೆ, ಶರಣರು ತಮ್ಮ ದೇವರನ್ನು ಪ್ರಶ್ನಿಸಿ ಜಗಳವಾಡಿದ್ದಾರೆ, ಬೈಬಲಿನ ಕೀರ್ತನೆಗಳಲ್ಲಿ ಎಷ್ಟೋ ಕಡೆ ಇರುವುದು ದೂರೇ. ಮಾತು ಬಿಡುವುದಕ್ಕಿಂತ ಜಗಳವಾಡುವುದು ಮೇಲು. ನಾಮ ಬಾಯಿಗೆ ಬಾರದಿದ್ದರೆ ದೀಪ ಹಚ್ಚಿ ಅದರ ಮುಂದೆ ಸುಮ್ಮನೆ ಕೂತಿರಿ, ನಿಮಗಾಗಿ ಪ್ರಾರ್ಥಿಸುವಂತೆ ಮನೆಯ ಇನ್ನೊಬ್ಬರಿಗೆ ಹೇಳಿ.

ವಾರಗಟ್ಟಲೆ ನಿದ್ದೆ, ಊಟ ಕೆಟ್ಟು, ಯಾವುದರಲ್ಲೂ ಆಸೆಯಿಲ್ಲದಂತಾಗಿ, ಬದುಕೇ ಬೇಡವೆನಿಸುತ್ತಿದ್ದರೆ ಅದು ನಂಬಿಕೆಯ ಕೊರತೆಯಲ್ಲ, ಕಾಯಿಲೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ. ಅದು ಉಚಿತ, ಹಗಲುರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇದೂ ಎಡಗಡೆಯ ಪಟ್ಟಿಯ ಕೆಲಸ; ಅದನ್ನು ಮಾಡಲು ಮನೆಯವರು ಜೊತೆಗೆ ನಿಲ್ಲಬೇಕು.

ಕೊಯ್ಲು, ಪರೀಕ್ಷೆ, ಸೂತಕ

ನವೆಂಬರಿನಿಂದ ಫೆಬ್ರುವರಿಯವರೆಗೆ ಕಾಫಿ ಕೊಯ್ಲಿನ ಮನೆಗಳಲ್ಲಿ, ಪರೀಕ್ಷೆಯ ತಿಂಗಳು ಮೇಷ್ಟರ ಮನೆಗಳಲ್ಲಿ, ಮದುವೆಯ ಹಿಂದುಮುಂದಿನ ವಾರಗಳಲ್ಲಿ 10 ನಿಮಿಷವೂ ಸಿಗದೆ ಹೋಗಬಹುದು. ಆಗ ಪೂರ್ತಿ ಬಿಡದೆ ಕಡಿಮೆ ಮಾಡಿ. ಬೆಳಿಗ್ಗೆ 9 ನಾಮ, ರಾತ್ರಿ ಬಲಗಡೆಯ ಪಟ್ಟಿಯಿಂದ ಒಂದೇ ಒಂದು ಸಾಲು. ಇಷ್ಟಕ್ಕೆ ಎರಡು ನಿಮಿಷವೂ ಬೇಡ. ತಪ್ಪಿಹೋದ ದಿನಗಳ ಜಪವನ್ನು ಬಾಕಿಯೆಂದು ಕೂಡಿಸಿಟ್ಟು ತೀರಿಸಲು ಹೋಗಬೇಡಿ. ಬಿಟ್ಟಲ್ಲಿಂದ, ಆ ದಿನದ ಪಾಲಷ್ಟನ್ನೇ ಮತ್ತೆ ಹಿಡಿಯಿರಿ. ಸೂತಕವಿದ್ದು ದೇವರ ಕೋಣೆಗೆ ಹೋಗದ ದಿನಗಳಲ್ಲೂ ನಾಮಸ್ಮರಣೆಗೆ ಮೈಲಿಗೆಯಿಲ್ಲ ಎಂಬುದು ಹಿರಿಯರ ಮಾತು. ಹಾಗಾಗಿ ಆ ದಿನಗಳಲ್ಲಿ ದೀಪವಿಲ್ಲದೆ, ಮಾಲೆಯಿಲ್ಲದೆ, ಜಗುಲಿಯಲ್ಲೋ ಹಿತ್ತಲ ಕಟ್ಟೆಯ ಮೇಲೋ ಕೂತು ಬೆರಳ ಗೆಣ್ಣುಗಳನ್ನು ಎಣಿಸುತ್ತಾ ಮನಸ್ಸಿನಲ್ಲೇ ನಡೆಸಬಹುದು.